ಎರಡನೇ ಪ್ರಶ್ನೆ ಕೇಳಿದ ಡಾಕ್ಟರು

ನಮಸ್ಕಾರ. ಇವತ್ತು ಐರ್ಲೆಂಡಿನ ಒಬ್ಬ ಮನೋವೈದ್ಯರ ಕಥೆ ಹೇಳೋಣ ಅಂತ ಕೂತಿದ್ದೀನಿ. ಹೆಸರು ಆಂಟನಿ ಕ್ಲೇರ್. ನಿಮ್ಮಲ್ಲಿ ಹೆಚ್ಚಿನವರು ಈ ಹೆಸರು ಕೇಳಿರಲಿಕ್ಕಿಲ್ಲ. ನನಗೂ ಕೆಲವು ವರ್ಷಗಳ ಹಿಂದಿನವರೆಗೆ ಗೊತ್ತಿರಲಿಲ್ಲ. ಒಂದು ರಾತ್ರಿ ನಿದ್ದೆ ಬಾರದೆ ಹಳೇ ರೇಡಿಯೋ ಸಂದರ್ಶನಗಳನ್ನ ಹುಡುಕ್ತಾ ಇದ್ದಾಗ ಇವರ ದನಿ ಸಿಕ್ತು. ಅವತ್ತಿಂದ ಬಿಟ್ಟಿಲ್ಲ.

ಬ್ರಿಟನ್ನಿನಲ್ಲಿ ಕ್ಲೇರ್ ರೇನರ್ ಅಂತ ಒಬ್ಬರಿದ್ದರು. ಮೊದಲು ನರ್ಸ್. ಆಮೇಲೆ ಪತ್ರಿಕೆಗಳಲ್ಲಿ, ಟೀವಿಯಲ್ಲಿ ಜನರ ಕಷ್ಟಸುಖಕ್ಕೆ ಉತ್ತರ ಹೇಳ್ತಿದ್ದವರು. ಗಂಡ ಹೊಡೀತಾನೆ, ಮಗಳು ಮಾತಾಡಲ್ಲ, ಹಾಸಿಗೆಯಲ್ಲಿ ಸಂಕಟ, ಯಾವುದೇ ಇರಲಿ, ರೇನರ್‌ಗೆ ಒಂದು ಕಾಗದ ಬರೀ ಅನ್ನೋ ಮಟ್ಟಕ್ಕೆ ಮನೆಮಾತಾಗಿದ್ದ ಹೆಂಗಸು. ಆಕೆ ಒಂದು ದಿನ ಬಿಬಿಸಿ ರೇಡಿಯೋ 4ರಲ್ಲಿ ಆಂಟನಿ ಕ್ಲೇರ್ ಎದುರು ಬಂದು ಕೂತರು. ಕೆಲಸದ ಬಗ್ಗೆ ಕೇಳಿದರೆ ಮಾತು ಹೊಳೆಯ ಹಾಗೆ ಹರೀತು. ಬಾಲ್ಯದ ಬಗ್ಗೆ ಕೇಳಿದರು, ಮಾತು ಕಡಿಮೆಯಾಯ್ತು. ಡಾಕ್ಟರು ಅಲ್ಲಿಗೇ ಬಿಡಲಿಲ್ಲ. ದನಿ ಏರಿಸಲಿಲ್ಲ, ಚುಚ್ಚಲಿಲ್ಲ, ಅದೇ ಜಾಗಕ್ಕೆ ಇನ್ನೊಂದು ಸಲ ಬಂದರು. ರೇನರ್ ಅತ್ತುಬಿಟ್ಟರು. ಊರಿನ ಕಣ್ಣೀರೆಲ್ಲ ಒರೆಸಿದ ಹೆಂಗಸಿಗೆ ತನ್ನ ಕಣ್ಣೀರನ್ನ ತಡೆಯೋಕೆ ಆಗಲಿಲ್ಲ. ತಂದೆತಾಯಿಯಿಂದಲೇ ಹಿಂಸೆ ಅನುಭವಿಸಿದ್ದನ್ನ ಆಕೆ ಪುಸ್ತಕದಲ್ಲಿ ಬರೆದಿದ್ದು 2003ರಲ್ಲಿ. ಅಷ್ಟು ವರ್ಷ ಬೇಕಾಯ್ತು.

ಮೊದಲನೇ ಪ್ರಶ್ನೆಗೆ ನಮ್ಮೆಲ್ಲರ ಹತ್ತಿರಾನೂ ಉತ್ತರ ಸಿದ್ಧ ಇರುತ್ತೆ. ‘ಹೇಗಿದ್ದೀರಾ?’ ‘ಚೆನ್ನಾಗಿದ್ದೀನಿ.’ ನಿಜ ಇರೋದು ಎರಡನೇ ಪ್ರಶ್ನೆಯ ಹಿಂದೆ. ಆಂಟನಿ ಕ್ಲೇರ್ ಬದುಕಿನುದ್ದಕ್ಕೂ ಕೇಳಿದ್ದು ಆ ಎರಡನೇ ಪ್ರಶ್ನೆಯನ್ನ. ಎದುರು ಕೂತವರಿಗೆ ಮಾತ್ರ ಅಲ್ಲ, ತಾನು ಅನ್ನ ತಿನ್ನುತ್ತಿದ್ದ ವೃತ್ತಿಗೂ ಕೇಳಿದರು. ಅದಕ್ಕೇ ನನಗೆ ಈ ಮನುಷ್ಯ ಮುಖ್ಯ.

ಇದು ನನ್ನನ್ನ ಯಾಕೆ ಇಷ್ಟು ತಟ್ಟುತ್ತೆ ಅಂತ ಹೇಳಿಬಿಡ್ತೀನಿ. ನಮ್ಮ ಸೋದರಮಾವ ಒಬ್ಬರು. ನಾನು ಕಾಲೇಜಿನಲ್ಲಿದ್ದಾಗ ಅವರಿಗೆ ಮನಸ್ಸಿನ ಕಾಯಿಲೆ ಬಂತು. ಊಟ ಬಿಟ್ಟರು, ಮಾತು ಬಿಟ್ಟರು, ಗೋಡೆ ಕಡೆ ಮುಖ ಮಾಡಿ ಮಲಗಿರೋರು. ಒಂದು ಆಸ್ಪತ್ರೆಗೆ ಕರಕೊಂಡು ಹೋದ್ವಿ. ಡಾಕ್ಟರು ಚೀಟಿಯಿಂದ ತಲೆ ಎತ್ತಲಿಲ್ಲ. ನಿದ್ದೆ ಬರುತ್ತಾ, ಊಟ ಮಾಡ್ತಾರಾ ಅಂತ ಅತ್ತೆಯನ್ನ ಕೇಳಿ ಮಾತ್ರೆ ಬರೆದರು. ಮಾವನನ್ನ ಒಂದು ಮಾತೂ ಕೇಳಲಿಲ್ಲ. ಮಾತ್ರೆ ಕೆಲಸ ಮಾಡ್ತು, ಅದನ್ನ ನಾನು ಅಲ್ಲಗಳೆಯಲ್ಲ, ಮಾವ ಎದ್ದು ಓಡಾಡೋ ಹಾಗಾದರು. ಆದರೆ ಬಸ್ಸಿನಲ್ಲಿ ವಾಪಸ್ ಬರ್ತಾ ಅವರು ಹೇಳಿದ್ದು ಒಂದೇ: ‘ನನ್ನನ್ನ ಯಾರೂ ಕೇಳಲೇ ಇಲ್ವಲ್ಲೋ.’ ಆ ಮಾತು ನನ್ನೊಳಗೆ ಇನ್ನೂ ಕೂತಿದೆ.

ಸರಿ, ಡಬ್ಲಿನ್‌ಗೆ ಹೋಗೋಣ. ಕ್ಲೇರ್ ಹುಟ್ಟಿದ್ದು 1942ರ ಡಿಸೆಂಬರ್ 24, ಕ್ರಿಸ್‌ಮಸ್ಸಿನ ಹಿಂದಿನ ದಿನ. ಓದಿದ್ದು ಗೊನ್ಜಾಗಾ ಕಾಲೇಜಿನಲ್ಲಿ, ಜೆಸ್ಯೂಟ್ ಪಾದ್ರಿಗಳ ಶಾಲೆ ಅದು. ಆಮೇಲೆ ಯೂನಿವರ್ಸಿಟಿ ಕಾಲೇಜ್ ಡಬ್ಲಿನ್‌ನಲ್ಲಿ ವೈದ್ಯಕೀಯ. ಅಲ್ಲಿ ಹುಡುಗ ಹೆಸರು ಮಾಡಿದ್ದು ಚರ್ಚಾಸ್ಪರ್ಧೆಯಲ್ಲಿ. ಕಾಲೇಜಿನ ಸಾಹಿತ್ಯ ಮತ್ತು ಇತಿಹಾಸ ಸಂಘದ ಮುಖ್ಯಸ್ಥನಾದ. 1964ರಲ್ಲಿ ಪ್ಯಾಟ್ರಿಕ್ ಕಾಸ್‌ಗ್ರೇವ್ ಅನ್ನೋ ಜೊತೆಗಾರನ ಸಂಗಡ ಅಬ್ಸರ್ವರ್ ಮೇಸ್ ಗೆದ್ದ. ಬ್ರಿಟನ್ ಮತ್ತು ಐರ್ಲೆಂಡಿನ ವಿದ್ಯಾರ್ಥಿಗಳಿಗೆಲ್ಲ ಅದು ದೊಡ್ಡ ಸ್ಪರ್ಧೆ. ಎದುರಾಳಿಯ ಮಾತು ಸರಿಯಾಗಿ ಕೇಳಿಸಿಕೊಳ್ಳದೆ ಇದ್ದರೆ ಚರ್ಚೆಯಲ್ಲಿ ಗೆಲ್ಲೋಕಾಗಲ್ಲ. ಮುಂದೆ ಮೈಕಿನ ಮುಂದೆ ನಾವು ಕೇಳೋ ಆ ಚುರುಕು ಹುಟ್ಟಿದ್ದು ಇಲ್ಲೇ ಅಂತ ನನ್ನ ನಂಬಿಕೆ.

1966ರಲ್ಲಿ ಡಿಗ್ರಿ ಬಂತು, ಅದೇ ವರ್ಷ ಮದುವೆಯೂ ಆಯ್ತು. ಹೌಸ್ ಸರ್ಜನ್ ಕೆಲಸಕ್ಕೆ ಹೋಗಿದ್ದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಅನ್ನೋ ಊರಿಗೆ. ಥಾಮಸ್ ಸಾಜ್ ಪ್ರೊಫೆಸರ್ ಆಗಿದ್ದದ್ದೂ ಅದೇ ಊರಿನಲ್ಲಿ. ‘ಮಾನಸಿಕ ಕಾಯಿಲೆ ಅನ್ನೋದೇ ಒಂದು ಮಿಥ್ಯೆ’ ಅಂತ 1961ರಲ್ಲಿ ಪುಸ್ತಕ ಬರೆದು ಜಗತ್ತಿನ ಮನೋವೈದ್ಯರ ನಿದ್ದೆ ಕೆಡಿಸಿದ ಸಾಜ್. ಅಲ್ಲಿಂದ ಕ್ಲೇರ್ ಡಬ್ಲಿನ್‌ಗೆ ವಾಪಸ್ಸಾಗಿ ಸೇಂಟ್ ಪ್ಯಾಟ್ರಿಕ್ಸ್ ಆಸ್ಪತ್ರೆ ಸೇರಿದರು, ಆಮೇಲೆ ಲಂಡನ್ನಿನ ಮಾಡ್ಸ್ಲಿ. ಬ್ರಿಟನ್ನಿನಲ್ಲಿ ಮನೋವೈದ್ಯ ಆಗಬೇಕು ಅನ್ನೋರಿಗೆ ಮಾಡ್ಸ್ಲಿ ಅಂದರೆ ಗುರುಕುಲ ಇದ್ದ ಹಾಗೆ.

ಆ ಕಾಲ ಹೇಗಿತ್ತು ಅಂತ ಸ್ವಲ್ಪ ನೋಡಬೇಕು, ಇಲ್ಲದಿದ್ದರೆ ಇವರು ಮಾಡಿದ್ದರ ತೂಕ ಗೊತ್ತಾಗಲ್ಲ. ಮನೋವೈದ್ಯಶಾಸ್ತ್ರಕ್ಕೆ ನಾಲ್ಕೂ ಕಡೆಯಿಂದ ಏಟು ಬೀಳ್ತಿದ್ದ ಕಾಲ. ಸೋವಿಯತ್ ರಷ್ಯಾದಲ್ಲಿ ಸರ್ಕಾರವನ್ನ ಟೀಕಿಸಿದವರನ್ನ ಹುಚ್ಚರು ಅಂತ ಆಸ್ಪತ್ರೆಗೆ ಹಾಕ್ತಿದ್ದರು. ಅಮೆರಿಕದಲ್ಲಿ ಸಲಿಂಗಪ್ರೇಮ 1973ರ ಡಿಸೆಂಬರ್ ತನಕ ಕಾಯಿಲೆಗಳ ಪಟ್ಟಿಯಲ್ಲಿತ್ತು. ಅದೇ ವರ್ಷದ ಶುರುವಿನಲ್ಲಿ ಡೇವಿಡ್ ರೋಸನ್‌ಹಾನ್ ಅನ್ನೋ ಮನಶ್ಶಾಸ್ತ್ರಜ್ಞ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಕಾಯಿಲೆ ಇಲ್ಲದ 8 ಜನ 12 ಆಸ್ಪತ್ರೆಗಳಿಗೆ ಹೋಗಿ ‘ಕಿವಿಯಲ್ಲಿ ಏನೋ ಧ್ವನಿ ಕೇಳುತ್ತೆ’ ಅಂದರು. ಎಲ್ಲ ಕಡೆ ಅಡ್ಮಿಟ್ ಮಾಡಿಕೊಂಡರು. ಒಳಗೆ ಹೋದ ಮೇಲೆ ಮಾಮೂಲಿಯಾಗಿ ಇದ್ದರೂ ಬಿಡಲಿಲ್ಲ. ಸರಾಸರಿ 19 ದಿನ ಇಟ್ಟುಕೊಂಡರು. ಅವರು ಟಿಪ್ಪಣಿ ಬರ್ಕೊಳ್ತಿದ್ದದ್ದನ್ನೂ ಕಾಯಿಲೆಯ ಲಕ್ಷಣದ ಹಾಗೆ ದಾಖಲೆ ಮಾಡಿದರು ಅನ್ನೋದು ಲೇಖನದ ಆರೋಪ. ಆ ಅಧ್ಯಯನದ ಪ್ರಾಮಾಣಿಕತೆ ಬಗ್ಗೆ ಇತ್ತೀಚೆಗೆ ಗಂಭೀರ ಅನುಮಾನಗಳು ಎದ್ದಿವೆ, ಅದನ್ನೂ ಹೇಳಬೇಕು. ಆದರೆ ಆಗ ಅದು ಬಾಂಬಿನ ಹಾಗೆ ಬಿತ್ತು.

ಇನ್ನೊಂದು ಪ್ರಯೋಗ ನನಗೆ ಅದಕ್ಕಿಂತ ಮುಖ್ಯ ಅನ್ನಿಸುತ್ತೆ. ಮಾಡ್ಸ್ಲಿಯವರೂ ಅದರಲ್ಲಿದ್ದರು. ರೋಗಿಗಳ ಸಂದರ್ಶನದ ವಿಡಿಯೋಗಳನ್ನ ಅಮೆರಿಕದ ಡಾಕ್ಟರುಗಳಿಗೂ ಬ್ರಿಟನ್ನಿನ ಡಾಕ್ಟರುಗಳಿಗೂ ತೋರಿಸಿ ‘ಏನು ಕಾಯಿಲೆ?’ ಅಂತ ಕೇಳಿದರು. ಒಬ್ಬ ರೋಗಿಯ ವಿಷಯದಲ್ಲಿ ಅಮೆರಿಕದವರಲ್ಲಿ ಶೇಕಡ 69 ಮಂದಿ ಸ್ಕಿಜೋಫ್ರೀನಿಯಾ ಅಂದರು, ಬ್ರಿಟನ್ನಿನವರಲ್ಲಿ ಶೇಕಡ 2. ಅದೇ ಮನುಷ್ಯ, ಅದೇ ವಿಡಿಯೋ. ವಿಮಾನ ಹತ್ತಿ ಸಮುದ್ರ ದಾಟಿದರೆ ಕಾಯಿಲೆಯ ಹೆಸರೇ ಬದಲಾಗುತ್ತೆ ಅಂದರೆ ಇದೆಂಥ ವಿಜ್ಞಾನ ಅಂತ ಜನ ಕೇಳದೆ ಇರ್ತಾರಾ?

ಈ ಗಲಾಟೆಯ ನಡುವೆ, 1976ರಲ್ಲಿ, ಆಂಟನಿ ಕ್ಲೇರ್ ‘ಸೈಕಿಯಾಟ್ರಿ ಇನ್ ಡಿಸೆಂಟ್’ ಅನ್ನೋ ಪುಸ್ತಕ ತಂದರು. ಆಗ ವಯಸ್ಸು 33. ಇನ್ನೂ ಮೆಟ್ಟಿಲು ಹತ್ತುತ್ತಿರೋ ಡಾಕ್ಟರು. ಮೇಲಿನವರನ್ನ ಮೆಚ್ಚಿಸಿಕೊಂಡು ಹೋಗಬೇಕಾದ ವಯಸ್ಸು. ಅಥವಾ ಬಂಡಾಯಗಾರರ ಜೊತೆ ಸೇರಿ ‘ಇದೆಲ್ಲ ಮೋಸ’ ಅಂತ ಕೂಗಿ ಚಪ್ಪಾಳೆ ಗಿಟ್ಟಿಸಬಹುದಿತ್ತು. ಅವರು ಎರಡೂ ಮಾಡಲಿಲ್ಲ. ರೋಗನಿರ್ಣಯ, ಕರೆಂಟ್ ಶಾಕ್, ಮೆದುಳಿನ ಆಪರೇಷನ್, ರೋಗಿಯ ಒಪ್ಪಿಗೆ ಇಲ್ಲದೆ ಕೂಡಿಹಾಕೋದು, ಒಂದೊಂದನ್ನೂ ಮೇಜಿನ ಮೇಲೆ ಇಟ್ಟು ಪರೀಕ್ಷೆ ಮಾಡಿದರು. ಟೀಕಾಕಾರರು ಎಲ್ಲಿ ಸರಿ ಅಂತ ಒಪ್ಪಿಕೊಂಡರು. ಎಲ್ಲಿ ತಪ್ಪು ಅಂತಾನೂ ಬರೆದರು. ರೋಗನಿರ್ಣಯ ಕೆಟ್ಟದಾಗಿ ನಡೀತಿದೆ ಅಂದರೆ ಅದನ್ನ ಸರಿಯಾಗಿ ಮಾಡೋದು ಕಲೀಬೇಕು. ಕಾಯಿಲೆಯೇ ಇಲ್ಲ ಅಂದುಬಿಟ್ಟರೆ ನರಳ್ತಾ ಇರೋ ಮನುಷ್ಯನ ಗತಿ ಏನು? ಅವರ ವಾದದ ತಿರುಳು ಇಷ್ಟು.

ನಾನು ಇದನ್ನ ಪೂರ್ತಿ ಒಪ್ತೀನಿ. ನಮ್ಮ ಮಾವನ ಮನೆಯಲ್ಲಿ ಕೂತು ಒಪ್ತೀನಿ. ಮಾತ್ರೆ ವಿಷ ಅನ್ನೋರೂ ಬಂದಿದ್ದರು ಆ ಮನೆಗೆ, ದೇವರ ಕಾಟ ಅನ್ನೋರೂ ಬಂದಿದ್ದರು. ಅವರ್ಯಾರೂ ಮಾವನ ಪಕ್ಕ ಒಂದು ರಾತ್ರಿ ಎದ್ದು ಕೂತವರಲ್ಲ. ವೃತ್ತಿಯ ಒಳಗೇ ಇದ್ದುಕೊಂಡು, ಅದರ ತಪ್ಪನ್ನ ಅದರ ಮುಖಕ್ಕೇ ಹೇಳಿ, ಮಾರನೇ ದಿನ ಬೆಳಿಗ್ಗೆ ಮತ್ತೆ ವಾರ್ಡಿಗೆ ಹೋಗೋದು ಇದೆಯಲ್ಲ, ಅದು ಕಷ್ಟದ ದಾರಿ.

ರೇಡಿಯೋ ಕಾರ್ಯಕ್ರಮ ಶುರುವಾಗಿದ್ದು 1982ರಲ್ಲಿ. ಹೆಸರು ‘ಇನ್ ದಿ ಸೈಕಿಯಾಟ್ರಿಸ್ಟ್ಸ್ ಚೇರ್’. 2001ರ ತನಕ ನಡೀತು. ಈ ನಡುವೆ 1983ರಿಂದ 1988ರ ತನಕ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂಸ್ ಆಸ್ಪತ್ರೆಯಲ್ಲಿ ಪ್ರೊಫೆಸರ್, ವಿಭಾಗದ ಮುಖ್ಯಸ್ಥ. 1988ರಲ್ಲಿ ‘ಆಲ್ ಇನ್ ದಿ ಮೈಂಡ್’ ಅನ್ನೋ ಇನ್ನೊಂದು ಕಾರ್ಯಕ್ರಮ ಶುರುವಾದಾಗ ಅದನ್ನ ಮೊದಲು ನಡೆಸಿಕೊಟ್ಟವರೂ ಇವರೇ.

ಕೇಳಿದ ಸಂದರ್ಶನಗಳಲ್ಲಿ ನನ್ನನ್ನ ಬಹಳ ಕಾಡಿದ್ದು ಆರ್. ಡಿ. ಲೈಂಗ್ ಜೊತೆಗಿನದು. ಲೈಂಗ್ ಗ್ಲಾಸ್ಗೋದವರು, ಅವರೂ ಮನೋವೈದ್ಯರು. ಹುಚ್ಚು ಅಂತ ನಾವು ಕರೆಯೋದಕ್ಕೂ ಒಂದು ಅರ್ಥ ಇದೆ, ಕೇಳಿಸಿಕೊಳ್ಳಿ ಅಂತ 1960ರಲ್ಲೇ ಬರೆದವರು. 60ರ ದಶಕದ ಹುಡುಗರಿಗೆ ಅವರು ದೇವರು. ಲಂಡನ್ನಿನ ಕಿಂಗ್ಸ್‌ಲಿ ಹಾಲ್ ಅನ್ನೋ ಕಟ್ಟಡದಲ್ಲಿ ಡಾಕ್ಟರು–ರೋಗಿ ಅನ್ನೋ ಭೇದ ಇಲ್ಲದೆ ಎಲ್ಲರೂ ಒಟ್ಟಿಗೆ ಬಾಳೋ ಪ್ರಯೋಗ ಮಾಡಿದರು. ಕ್ಲೇರ್ ಪುಸ್ತಕದಲ್ಲಿ ಯಾರ ವಿಚಾರಗಳ ಜೊತೆ ವಾದ ಮಾಡಿದ್ದರೋ ಅವರಲ್ಲಿ ಲೈಂಗ್ ಒಬ್ಬರು. ಈಗ ಅದೇ ಲೈಂಗ್ ಎದುರು ಕುರ್ಚಿಯಲ್ಲಿ.

ಚರ್ಚಾಸ್ಪರ್ಧೆಯ ಹಳೇ ಹುಲಿ ಅಲ್ಲವಾ, ಹರಿದು ಹಾಕಬಹುದಿತ್ತು. ಹಾಗೆ ಮಾಡಲಿಲ್ಲ. ವಿಚಾರದ ಬಗ್ಗೆ ಕೇಳ್ತಾ ಕೇಳ್ತಾ ಮನುಷ್ಯನ ಬಗ್ಗೆ ಕೇಳಿದರು. ತನಗೆ ಖಿನ್ನತೆ ಇದೆ, ಕುಡಿತದ ತೊಂದರೆ ಇದೆ ಅಂತ ಲೈಂಗ್ ಬಾಯಿಬಿಟ್ಟು ಹೇಳಿದರು. ಊರಿಗೆಲ್ಲ ಹುಚ್ಚಿನ ಅರ್ಥ ಹೇಳಿದವರು, ತನ್ನ ಮನಸ್ಸು ಕುಸಿದಿದ್ದನ್ನ ರೇಡಿಯೋದಲ್ಲಿ ಹೇಳೋದು. 1987ರಲ್ಲಿ ಲೈಂಗ್ ಹೆಸರು ವೈದ್ಯರ ನೋಂದಣಿಯಿಂದ ಹೋಯ್ತು. 1989ರಲ್ಲಿ ಟೆನಿಸ್ ಆಡ್ತಾ ಹೃದಯಾಘಾತದಿಂದ ತೀರಿಕೊಂಡರು. ಆ ಧ್ವನಿಮುದ್ರಿಕೆ ಕೇಳುವಾಗ ಗೆದ್ದವರು ಯಾರು, ಸೋತವರು ಯಾರು ಅನ್ನೋದೆಲ್ಲ ಮರೆತುಹೋಗುತ್ತೆ. ಇಬ್ಬರು ಡಾಕ್ಟರುಗಳು, ಒಬ್ಬರ ನೋವನ್ನ ಇನ್ನೊಬ್ಬರು ಕೇಳಿಸಿಕೊಳ್ತಾ ಇದ್ದಾರೆ, ಅಷ್ಟೇ ಉಳಿಯುತ್ತೆ.

ಇಲ್ಲಿ ನನಗೇ ಒಂದು ತೊಡಕಿದೆ. ಡಾಕ್ಟರ ಎದುರು ಆಡಿದ ಮಾತು ನಾಲ್ಕು ಗೋಡೆ ದಾಟಬಾರದು ಅನ್ನೋದು ಈ ವೃತ್ತಿಯ ಪ್ರಾಣ. ಹಾಗಿದ್ದಾಗ ಲಕ್ಷಾಂತರ ಜನ ಕೇಳ್ತಾ ಇರುವಾಗ ಒಬ್ಬ ಮನೋವೈದ್ಯ ಇನ್ನೊಬ್ಬರ ಗಾಯ ಮುಟ್ಟಬಹುದಾ? ಬಂದವರು ಅವರ ರೋಗಿಗಳಲ್ಲ, ನಿಜ. ಒಪ್ಪಿ ಬಂದವರು, ಪ್ರಸಿದ್ಧರು, ಮೈಕು ಅಭ್ಯಾಸ ಇದ್ದವರು. ಆದರೂ ಎದುರು ಕೂತಿರೋದು ಮನೋವೈದ್ಯ ಅನ್ನೋ ಕಾರಣಕ್ಕೇ ಬಾಯಿ ಸಡಿಲ ಆಗುತ್ತಲ್ಲ? ಇದರ ಬಗ್ಗೆ ಬಹಳ ಯೋಚನೆ ಮಾಡಿದ್ದೀನಿ. ಆ ಕಾರ್ಯಕ್ರಮ ನಡೆದದ್ದು ಒಳ್ಳೇದಾಯ್ತು ಅನ್ನೋದು ಈಗ ನನ್ನ ತೀರ್ಮಾನ, ಯಾಕಂದರೆ ಅಲ್ಲಿ ಅಳು ಗುರಿಯಾಗಿರಲಿಲ್ಲ. ಇವತ್ತು ನಮ್ಮ ಪಾಡ್‌ಕ್ಯಾಸ್ಟುಗಳಲ್ಲಿ ಅತಿಥಿ ಕಣ್ಣು ಒದ್ದೆಯಾದ ಕ್ಷಣವನ್ನ ಕತ್ತರಿಸಿ, ಹಿಂದೆ ಪಿಟೀಲು ಸೇರಿಸಿ, ಥಂಬ್‌ನೇಲ್ ಮಾಡ್ತೀವಿ. ನನಗೆ ಅದು ಸಹಿಸಲ್ಲ. ಕಣ್ಣೀರು ಬಂದಾಗ ಕ್ಲೇರ್ ಅದನ್ನ ಉತ್ತರ ಅಂತ ತಗೊಳ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಅದು ಯಾಕೆ ಬಂತು ಅಂತ ಕೇಳ್ತಿದ್ದರು.

1989ರಲ್ಲಿ ಅವರು ಡಬ್ಲಿನ್‌ಗೆ ವಾಪಸ್ಸಾದರು, ತಾನು ಮೊದಲು ಕೆಲಸ ಕಲಿತ ಸೇಂಟ್ ಪ್ಯಾಟ್ರಿಕ್ಸ್ ಆಸ್ಪತ್ರೆಗೇ, ಈ ಸಲ ವೈದ್ಯಕೀಯ ನಿರ್ದೇಶಕರಾಗಿ. ಈ ಆಸ್ಪತ್ರೆಯ ಕಥೆ ಹೇಳದೆ ಮುಂದೆ ಹೋಗೋಕೆ ನನಗೆ ಮನಸ್ಸಿಲ್ಲ. ಗಲಿವರನ ಕಥೆ ನಾವೆಲ್ಲ ಶಾಲೆಯಲ್ಲಿ ಓದಿದ್ದೀವಲ್ಲ, ಅದನ್ನ ಬರೆದ ಜೋನಾಥನ್ ಸ್ವಿಫ್ಟ್ ಡಬ್ಲಿನ್ನಿನ ಸೇಂಟ್ ಪ್ಯಾಟ್ರಿಕ್ಸ್ ಕೆಥೆಡ್ರಲಿನ ಡೀನ್ ಆಗಿದ್ದರು. 1745ರಲ್ಲಿ ಸಾಯುವಾಗ ತನ್ನ ಆಸ್ತಿಯನ್ನ ಮಾನಸಿಕ ರೋಗಿಗಳಿಗೆ ಒಂದು ಆಸ್ಪತ್ರೆ ಕಟ್ಟಿಸೋದಕ್ಕೆ ಬರೆದಿಟ್ಟರು. 1757ರಲ್ಲಿ ಬಾಗಿಲು ತೆರೀತು. ಹುಚ್ಚರು ಅಂತ ಕರೆಸಿಕೊಂಡವರನ್ನ ಸರಪಳಿ ಹಾಕಿ ಬಿಡ್ತಿದ್ದ ಶತಮಾನದಲ್ಲಿ ಒಬ್ಬ ಲೇಖಕ ಮಾಡಿದ ಕೆಲಸ ಇದು.

ಆದರೆ ದೇಶದ ಸ್ಥಿತಿ ಬೇರೇನೇ ಆಗಿತ್ತು. 1961ರಲ್ಲಿ ಐರ್ಲೆಂಡಿನಲ್ಲಿ ಸಾವಿರ ಜನಕ್ಕೆ ಸುಮಾರು 7.3ರಂತೆ ಮಾನಸಿಕ ಆಸ್ಪತ್ರೆಯ ಹಾಸಿಗೆಗಳಿದ್ದವು. ಜಗತ್ತಿನಲ್ಲೇ ಅತಿ ಹೆಚ್ಚು ಅಂತ ಅಲ್ಲಿನ ವಿಚಾರಣಾ ಆಯೋಗವೇ 1966ರಲ್ಲಿ ಬರೀತು. ಐರಿಶ್ ಜನಕ್ಕೆ ಹುಚ್ಚು ಜಾಸ್ತಿ ಅಂತಲ್ಲ ಇದರ ಅರ್ಥ. ಮನೆಗೆ ಬೇಡವಾದವರು, ಜಮೀನಿನ ಪಾಲಿಗೆ ಅಡ್ಡ ಬಂದವರು, ಬುದ್ಧಿಮಾಂದ್ಯರು, ವಯಸ್ಸಾದವರು, ಎಲ್ಲರನ್ನೂ ತಳ್ಳೋಕೆ ಅದೇ ಒಂದು ಬಾಗಿಲಿತ್ತು. ಕೂಡಿಹಾಕೋ ಕಾನೂನು 1945ರದು. ಹೊಸ ಕಾಯಿದೆ ಬಂದಿದ್ದು 2001ರಲ್ಲಿ, ಪೂರ್ತಿ ಜಾರಿಗೆ ಬಂದಿದ್ದು 2006ರಲ್ಲಿ.

ಕ್ಲೇರ್ ವಾಪಸ್ ಬಂದಾಗ ಐರ್ಲೆಂಡಿನಲ್ಲಿ ಆತ್ಮಹತ್ಯೆ ಇನ್ನೂ ಅಪರಾಧ. ಇಂಗ್ಲೆಂಡು 1961ರಲ್ಲೇ ತೆಗೆದುಹಾಕಿದ್ದನ್ನ ಐರ್ಲೆಂಡು 1993ರವರೆಗೆ ಇಟ್ಟುಕೊಂಡಿತ್ತು. ಇದರ ಬೇರು ನಮಗೂ ತಾಗಿದೆ. ಅದೇ ಬ್ರಿಟಿಷ್ ಕಾನೂನು ನಮ್ಮಲ್ಲಿ ಐಪಿಸಿ 309 ಆಗಿ ಕೂತಿತ್ತು. 2017ರ ಮಾನಸಿಕ ಆರೋಗ್ಯ ಕಾಯಿದೆ ಅದರ ಹಲ್ಲು ಕಿತ್ತಿತು. ಸಾಯೋಕೆ ಹೊರಟವನಿಗೆ ಪೊಲೀಸ್ ಕೇಸು ಅಂದರೆ ಮನೆಯವರು ಸತ್ಯ ಹೇಳ್ತಾರಾ? ಡಾಕ್ಟರಿಗೂ ಹೇಳಲ್ಲ. ಮಾತು ಇಲ್ಲಿಗೆ ಬಂದಿರೋದರಿಂದ ಹೇಳ್ತೀನಿ: ಕೇಳ್ತಾ ಇರೋರಲ್ಲಿ ಯಾರಿಗಾದರೂ ಅಂಥ ಯೋಚನೆ ಬರ್ತಾ ಇದ್ದರೆ, ಟೆಲಿ-ಮಾನಸ್ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ದಯವಿಟ್ಟು ಫೋನ್ ಮಾಡಿ.

ಕ್ಲೇರ್‌ಗೆ ಏಳು ಮಕ್ಕಳು. 2000ದಲ್ಲಿ ಗಂಡಸರ ಬಗ್ಗೆ ಒಂದು ಪುಸ್ತಕ ಬರೆದರು. ದುಡಿದು ತರೋನು, ಕಾಪಾಡೋನು ಅನ್ನೋ ಪಾತ್ರ ಹೋದ ಮೇಲೆ ಗಂಡಸು ಏನಾಗಿ ಉಳೀತಾನೆ ಅನ್ನೋದು ಪ್ರಶ್ನೆ. ಗಂಡಸಿನ ಹಿಂಸೆಗೆ ಹಾರ್ಮೋನು ಕಾರಣ ಅಂತ ಕೈತೊಳೆದುಕೊಳ್ಳೋದನ್ನ ಒಪ್ಪಲಿಲ್ಲ. ಅಪ್ಪ ಅನ್ನೋನು ಮನೆಯಲ್ಲಿ ಇರಬೇಕು, ಮಕ್ಕಳ ಜೊತೆ ಇರಬೇಕು ಅಂತ ಒತ್ತಿ ಹೇಳಿದರು. ಅವರ ಬರವಣಿಗೆಯಲ್ಲಿ ನನಗೆ ಇದಕ್ಕಿಂತ 1976ರದ್ದೇ ಗಟ್ಟಿ ಅನ್ನಿಸುತ್ತೆ. 2000ದಲ್ಲೇ ನಿರ್ದೇಶಕರ ಹುದ್ದೆ ಬಿಟ್ಟರು, ರೋಗಿಗಳನ್ನ ನೋಡೋದು ಬಿಡಲಿಲ್ಲ. 2007ರ ಅಕ್ಟೋಬರ್ 28ರಂದು ಪ್ಯಾರಿಸ್‌ನಲ್ಲಿ ಹೃದಯಾಘಾತ ಆಯ್ತು. 64 ವರ್ಷ ಆಗಿತ್ತು.

ಒಂದು ಸಂದರ್ಶನದ ವಿಷಯ ಬೇಕಂತಲೇ ಕೊನೆಗೆ ಉಳಿಸಿಕೊಂಡಿದ್ದೀನಿ. 1991, ಎದುರು ಕುರ್ಚಿಯಲ್ಲಿ ಜಿಮ್ಮಿ ಸ್ಯಾವಿಲ್. ಬಿಬಿಸಿಯ ದೊಡ್ಡ ತಾರೆ. ಮಕ್ಕಳ ಆಸೆ ಈಡೇರಿಸೋ ಟೀವಿ ಕಾರ್ಯಕ್ರಮ ನಡೆಸ್ತಿದ್ದವನು. ಆಸ್ಪತ್ರೆಗಳಿಗೆ ಕೋಟಿಗಟ್ಟಲೆ ಚಂದಾ ಎತ್ತಿಕೊಟ್ಟವನು. ಹಿಂದಿನ ವರ್ಷವಷ್ಟೇ ಸರ್ ಪದವಿ ಸಿಕ್ಕಿತ್ತು. ಬ್ರಾಡ್ಮೂರ್ ಅನ್ನೋ, ಅಪರಾಧ ಮಾಡಿದ ಮನೋರೋಗಿಗಳ ಆಸ್ಪತ್ರೆಯ ಕೀಲಿಕೈ ಅವನ ಹತ್ತಿರ ಇತ್ತು. 1988ರಲ್ಲಿ ಅದನ್ನ ನೋಡಿಕೊಳ್ಳೋ ಸಮಿತಿಗೆ ಸರ್ಕಾರ ಅವನನ್ನೇ ಮುಖ್ಯಸ್ಥನನ್ನಾಗಿ ಮಾಡಿತ್ತು. ದೇಶಕ್ಕೆ ದೇಶವೇ ಸಂತ ಅಂತಿತ್ತು.

ಕ್ಲೇರ್ ಕೇಳಿದರು. ಮೊದಲನೇ ಪ್ರಶ್ನೆ, ಎರಡನೇ ಪ್ರಶ್ನೆ. ಸ್ಯಾವಿಲ್ ಜಾರಿಕೊಂಡ, ತಮಾಷೆ ಮಾಡಿದ, ಮಾತು ತಿರುಗಿಸಿದ. ಅಳಲಿಲ್ಲ, ಬಿರುಕು ಬಿಡಲಿಲ್ಲ. ಅಷ್ಟು ಅನುಭವ ಇದ್ದ ಡಾಕ್ಟರ ಕೈಗೂ ಸತ್ಯ ಸಿಗಲಿಲ್ಲ. ಇದನ್ನ ಮುಚ್ಚಿಟ್ಟು ನಾನು ಅವರನ್ನ ಹೊಗಳಲ್ಲ. ಎದುರಿನವರು ಬಾಗಿಲು ತೆರೆಯೋಕೆ ಮನಸ್ಸು ಮಾಡಿದರೆ ಮಾತ್ರ ಆ ಕುರ್ಚಿ ಕೆಲಸ ಮಾಡ್ತಿತ್ತು. ಆದರೆ ಮುಂದಿನ ವರ್ಷ, 1992ರಲ್ಲಿ, ಆ ಸಂದರ್ಶನಗಳನ್ನ ಪುಸ್ತಕ ಮಾಡಿದಾಗ ಸ್ಯಾವಿಲ್ ಬಗ್ಗೆ ತನಗೆ ಅನ್ನಿಸಿದ್ದನ್ನ ಕ್ಲೇರ್ ಬರೆದರು. ಈ ಇಪ್ಪತ್ತನೇ ಶತಮಾನದ ‘ಸಂತ’ನಲ್ಲಿ ಮೈ ತಣ್ಣಗಾಗಿಸೋ ಏನೋ ಒಂದಿದೆ ಅನ್ನೋ ಅರ್ಥದ ಮಾತು. ಸಂತ ಅನ್ನೋ ಪದವನ್ನ ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದರು.

ಸ್ಯಾವಿಲ್ ಸತ್ತಿದ್ದು 2011ರ ಅಕ್ಟೋಬರ್‌ನಲ್ಲಿ. ಲೀಡ್ಸ್ ನಗರದಲ್ಲಿ ಶವಪೆಟ್ಟಿಗೆ ನೋಡೋಕೆ ಸಾವಿರಾರು ಜನ ಸಾಲು ನಿಂತರು. ಒಂದು ವರ್ಷಕ್ಕೆ ಎಲ್ಲ ಹೊರಬಿತ್ತು: ದಶಕಗಳ ಕಾಲ ಅವನು ಮಕ್ಕಳ ಮೇಲೆ, ರೋಗಿಗಳ ಮೇಲೆ ಲೈಂಗಿಕ ದೌರ್ಜನ್ಯ ಮಾಡ್ತಾ ಬಂದಿದ್ದ. 2013ರ ಜನವರಿಯಲ್ಲಿ ಬಂದ ಪೊಲೀಸ್ ವರದಿಯ ಪ್ರಕಾರ ಮಾಹಿತಿ ಕೊಡೋಕೆ ಮುಂದೆ ಬಂದವರು 450 ಜನ. ಲೀಡ್ಸಿನ ಆಸ್ಪತ್ರೆಯೊಂದರಲ್ಲೇ ಅವನ ಕೈಗೆ ಸಿಕ್ಕವರ ವಯಸ್ಸು 5ರಿಂದ 75. ಸಮಾಧಿಯ ಕಲ್ಲನ್ನ ರಾತ್ರೋರಾತ್ರಿ ಕಿತ್ತರು.

ಅಷ್ಟರಲ್ಲಿ ಆಂಟನಿ ಕ್ಲೇರ್ ತೀರಿಕೊಂಡು ಐದು ವರ್ಷ ಆಗಿತ್ತು. ಅವರು ಬರೆದ ಆ ಸಾಲು ಇಪ್ಪತ್ತು ವರ್ಷ ಅಚ್ಚಿನಲ್ಲೇ ಇತ್ತು, ಲೈಬ್ರರಿಗಳಲ್ಲಿ, ಯಾರು ಬೇಕಾದರೂ ತೆಗೆದು ಓದೋ ಹಾಗೆ.